ಕನ್ನಡದ ಆರು, ಕನ್ನಡದ ಒಂಬತ್ತು

"ಮುಟ್ಟಬ್ಯಾಡ್ರಿ!"

ಆ ದನಿಗೆ, ಅಂದೇ ಲ್ಯಾಬಿಗೆ ಸೇರಿದ್ದ ವಿಶ್ವಜಿತ್ ಬೆಚ್ಚಿ ಕೈ ಹಿಂದೆಗೆದ. ಗ್ಲೌಸ್ ಇಲ್ಲದ ಬೆರಳು ಇನ್ನೇನು ಟ್ಯೂಬಿನ ಬಾಯಿಗೆ ತಾಗುವುದರಲ್ಲಿತ್ತು.

"ಆರ್‌ಎನ್‌ಎ ಐತಿ ಅದ್ರಾಗ! ಬೆರಳು ತಾಗಿದ್ರ ಸಾಕು, ಹಾಳಾಗತೈತಿ..."

ಮಂದಾಕಿನಿ ತುಟಿ ಕಚ್ಚಿಕೊಂಡಳು. ಅಯ್ಯೋ! ಸಿಟ್ಟಿನಲ್ಲಿ ಮನೆಯ ಮಾತು ಹೊರಬಿದ್ದಿತ್ತು. ಹೈದರಾಬಾದಿನ ಈ ಲ್ಯಾಬಿನಲ್ಲಿ ಕನ್ನಡ ಯಾರಿಗೆ ತಿಳಿಯಬೇಕು?

"ತಪ್ಪಾತ್ರಿ," ಎಂದ ಹೊಸಬ, ನಗು ತಡೆಯುತ್ತ. "ಆದ್ರ ಭಾಳ ಚಲೋ ಅನ್ನಿಸ್ತು. ನಮ್ಮವ್ವನ ಕಡೆ ಬೈಸಿಕೊಂಡಂಗಾತು."

ಅವನದು ದಿಲ್‌ಸುಖ್‌ನಗರದ ಕನ್ನಡದ ಮನೆ. ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಮಂದಾಕಿನಿಯೋ, ಇತರರ ಟ್ಯೂಬುಗಳೊಂದಿಗೆ ಬೆರೆಯಬಾರದೆಂದು ತನ್ನವಕ್ಕೆ ಕನ್ನಡದ ಅಂಕಿಗಳನ್ನೇ ಬರೆಯುತ್ತಿದ್ದಳು. ಕೆಲವು ತಿಂಗಳಲ್ಲಿ 'ನೀವು' ಹೋಗಿ 'ನೀ' ಬಂತು. ಒಂದು ಮಧ್ಯಾಹ್ನ ಅವನಿಗೂ ಅಂಕಿ ಕಲಿಸಿದಳು.

"ಇದು ೬, ಇದು ೯. ಬಾಲ ನೋಡಿ ಗುರುತು ಹಿಡಿ."

"ಎರಡೂ ಅಣ್ಣತಮ್ಮ ಇದ್ದಂಗ ಅದಾವಲ್ಲ!"

"ಹಂಗಂತ ಅಣ್ಣನ್ನ ಕರದು ತಮ್ಮಗ ಊಟಕ್ಕ ಬಡಿಸೀ ಮತ್ತ!"

ಇಬ್ಬರೂ ನಕ್ಕರು. ಅವನು ಅಂಕಿಗಿಂತ ಹೆಚ್ಚಾಗಿ ಅವಳ ಕೈಯನ್ನೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಿತ್ತು...

ಎರಡು ವರ್ಷ ಕಳೆಯಿತು. ಕ್ಯಾನ್ಸರ್ ಕೋಶಗಳನ್ನು ಬೆಳೆಸುವ ಪುಟ್ಟದೊಂದು ಆರ್‌ಎನ್‌ಎ ಸಿಕ್ಕಿದೆ ಎಂದು ಮಂದಾಕಿನಿ ಬರೆದಳು. ಪೇಪರ್ ಸಿದ್ಧವಾಯಿತು. ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸುವ ದಿನವೇ ಅಜ್ಜಿ ಗೋದಾಬಾಯಿಯ ಕಣ್ಣಿನ ಆಪರೇಷನ್. ಆಸ್ಪತ್ರೆಯಲ್ಲಿ ಮಂದಾಕಿನಿ ಫೋನ್ ಬಂದ್ ಮಾಡಿದ್ದಳು.

ಮರುದಿನ ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥೆ ಎಲ್ಲರನ್ನೂ ಕರೆದರು.

"ಪೇಪರ್ ನಿಲ್ಲಿಸಿದ್ದೇನೆ. ಆರು, ಒಂಬತ್ತನೆಯ ಟ್ಯೂಬುಗಳು ಅದಲುಬದಲಾಗಿವೆ. ಗಡ್ಡೆಯ ಕೋಶ ಅಂದುಕೊಂಡಿದ್ದು ಆರೋಗ್ಯವಂತ ಕೋಶ. ಕ್ಯಾನ್ಸರ್ ಬೆಳೆಸುತ್ತದೆ ಎಂದು ನಾವು ಬರೆದ ಆರ್‌ಎನ್‌ಎ, ಬಹುಶಃ ಅದನ್ನು ತಡೆಯುತ್ತಿದೆ. ನಿನ್ನೆ ವಿಶ್ವಜಿತ್ ಟ್ಯೂಬುಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಿ ಬಂದು ಹೇಳಿದ."

ವಿಶ್ವಜಿತ್! ಮಂದಾಕಿನಿಗೆ ಒಂದು ಮಾತೂ ಹೇಳದೆ!

ಫ್ರೀಜರ್ ತೆರೆದು ನೋಡಿದಳು. ಹೌದು... ಅವಸರದಲ್ಲಿ ಬರೆದ ತನ್ನದೇ ಅಂಕಿ, ತನ್ನದೇ ತಪ್ಪು. ಒಪ್ಪಿಕೊಳ್ಳಲು ಓಡಿದರೆ ಮೇಡಂ ಆಗಲೇ ದಿಲ್ಲಿಗೆ ಹೊರಟುಹೋಗಿದ್ದರು.

ಕಾರಿಡಾರಿನಲ್ಲಿ ಅವನು ಎದುರಾದ.

"ಮಂದಾಕಿನಿ, ನಿನ್ನೆ ಫೋನ್..."

"ನಾ ಕಲಿಸಿದ ಅಂಕೀನ ಓದಿ, ನನ್ನ ಬಿಟ್ಟು ಎಲ್ಲಾರಿಗೂ ಹೇಳಿದ್ರಿ. ಭಾಳ ಚಲೋ ಕಲತೀರಿ, ವಿಶ್ವಜಿತ್ ಅವರೇ."

'ಅವರೇ' ಎಂಬ ಮಾತಿಗೆ ಅವನ ಮುಖ ಕಪ್ಪಿಟ್ಟಿತು. ಅವಳು ತಿರುಗಿ ನೋಡಲಿಲ್ಲ.

ಐದು ದಿನ ಹಿಮಾಯತ್‌ನಗರದ ಮನೆಯಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ದಿನವೂ ಮನಸ್ಸಿಗೆ ತಂಪೆರೆಯುತ್ತಿದ್ದ ಅಜ್ಜಿಯ ದೇವರ ಪದಗಳೂ ಕಿವಿಗೆ ಇಳಿಯಲಿಲ್ಲ.

"ಯಾರ ಮ್ಯಾಲೆ ಸಿಟ್ಟವ್ವಾ?" ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಗೋದಾಬಾಯಿ ಕೇಳಿದಳು.

"ನಂಬಿದವನ ಮ್ಯಾಲೆ."

"ಅಂವ ಸುಳ್ಳು ಹೇಳ್ಯಾನೇನು?"

"ಇಲ್ಲಜ್ಜಿ... ಖರೇನ ಹೇಳ್ಯಾನ. ನನಗಷ್ಟ ಹೇಳಲಿಲ್ಲ."

"ಹಂಗಾರ ಅವನ್ನ ಕೇಳ. ನನ್ನ ಮುಂದ ಅತ್ತರ ನನಗೇನು ಕಾಣತೈತಿ?"

ಆರನೆಯ ದಿನ, ದಿಲ್ಲಿಯಿಂದ ಮರಳಿದ ಮೇಡಂ ಒಂದು ಹಾಳೆಯನ್ನು ಅವಳ ಮುಂದೆ ಸರಿಸಿದರು.

"ಸಾಕ್ಷಿಗೆ ಒಂದು ಸಹಿ ಹಾಕು. ವಿಶ್ವಜಿತ್‌ನನ್ನು ಈ ಕೆಲಸದಿಂದ ತೆಗೆಯುತ್ತಿದ್ದೇನೆ."

ಹಾಳೆಯಲ್ಲಿ ವಿಶ್ವಜಿತ್ ಬರೆದ ಒಂದೇ ಸಾಲಿತ್ತು. 'ಟ್ಯೂಬುಗಳಿಗೆ ಗುರುತು ಹಾಕಿದವನು ನಾನು. ತಪ್ಪು ನನ್ನದು.'

ಮಂದಾಕಿನಿ ಪೆನ್ನು ತೆರೆದಳು. ಸಹಿ ಹಾಕಿದರೆ ತನ್ನ ಹೆಸರು ಉಳಿಯುತ್ತದೆ... ಅವನು ಮುಳುಗುತ್ತಾನೆ. ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟಳು.

"ಇದು ಸುಳ್ಳು, ಮೇಡಂ. ಆ ಅಂಕಿ ನಾನು ಬರೆದದ್ದು."

ಮೇಡಂ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಎಂಟು ತಿಂಗಳ ಕೆಲಸವನ್ನು ಮೊದಲಿನಿಂದ ಮಾಡಬೇಕು. ನಿನ್ನ ಫೆಲೋಶಿಪ್ ಅಷ್ಟರೊಳಗೆ, ಮಾರ್ಚಿಗೇ ಮುಗಿಯುತ್ತದೆ."

"ಗೊತ್ತು, ಮೇಡಂ."

"ಸರಿ, ನಾಳೆಯಿಂದಲೇ ಶುರು ಮಾಡು." ಅವರು ಹಾಳೆ ಹರಿದರು. "ಮತ್ತೆ ಆ ಸುಳ್ಳುಗಾರನನ್ನು ನನ್ನ ಹತ್ತಿರ ಕಳಿಸು."

ಸಂಜೆ ದಿಲ್‌ಸುಖ್‌ನಗರ ಮೆಟ್ರೋದ ಮೆಟ್ಟಿಲುಗಳ ಬಳಿ, ಕೋಚಿಂಗ್ ಮುಗಿಸಿ ಹೊರಟ ಹುಡುಗರ ಗದ್ದಲದ ನಡುವೆ, ಅವಳು ಅವನ ದಾರಿಗೆ ಅಡ್ಡ ನಿಂತಳು.

"ಯಾಕ ಬರದಿ ಹಂಗ?"

"ನಿನ್ನ ಹೆಸರು ಕೆಡಬಾರದಂತ..."

"ಅಂದ್ರ, ತಪ್ಪು ಒಪ್ಕೊಳ್ಳೋ ಧೈರ್ಯ ನನಗಿಲ್ಲ ಅಂತ ತಿಳ್ಕೊಂಡಿ? ಮೇಡಂಗ ಹೇಳಿದ್ದಕ್ಕ ಅಲ್ಲೋ... ಈ ಸುಳ್ಳಿಗೆ, ಈ ಸುಳ್ಳಿಗೆ ನನ್ನ ಕರುಳ ಚುರ್ ಅಂತು! ನೀ ನನ್ನ ನಂಬಲಿಲ್ಲ."

ಅವನು ತಲೆ ತಗ್ಗಿಸಿದ.

"ಹನ್ನೊಂದು ಸರ್ತಿ ಫೋನ್ ಮಾಡಿದೆ. ನಾಲ್ಕಕ್ಕ ಪೇಪರ್ ಹೋಗೂದಿತ್ತು, ತಡೀಬೇಕಾಗಿತ್ತು. ಆದ್ರ ಆಸ್ಪತ್ರಿಗೇ ಬಂದು ನಿನಗ ಹೇಳಬೇಕಾಗಿತ್ತು. ಬರಲಿಲ್ಲ. ನಿನ್ನ ಮುಖ ಸಣ್ಣದಾಗೂದು ನೋಡಾಕ ನನ್ನ ಕೈಲಿ ಆಗತಿರಲಿಲ್ಲ. ಅದು ನನ್ನ ತಪ್ಪು. ಇದು ಮಾತ್ರ ಖರೇ ನನ್ನದ."

"ಯಾಕ ಆಗತಿರಲಿಲ್ಲ?"

"ಯಾಕಂದ್ರ... ನೀ ಅಂದ್ರ ನನಗ ಜೀವ, ಮಂದಾ."

ಮೇಲೆ ರೈಲು ಬಂದು ನಿಂತಿತು. ಜನ ಅವರಿಬ್ಬರನ್ನು ತಳ್ಳಿಕೊಂಡು ಹತ್ತಿದರು. ಒದ್ದೆಯಾದ ಕಣ್ಣಲ್ಲೇ ಅವಳು ಅವನನ್ನು ದುರುಗುಟ್ಟಿ ನೋಡಿದಳು.

"ಇದನ್ನೂ ಮೇಡಂಗ ಹೇಳಿ ಬಂದೀಯೇನು?"

"ಇಲ್ಲ," ಅವನು ಮೆಲ್ಲಗೆ ನಕ್ಕ. "ಮೊದಲು ನಿನಗ."

"ಹಂಗಾರ ಉತ್ತರಾನೂ ಮೊದಲು ನಿನಗ..." ಅವಳು ಇನ್ನೂ ಹತ್ತಿರ ಬಂದಳು.

"ಹೂಂ," ಎಂದಳು, ಅವನ ಕಿವಿಯಲ್ಲಿ.