ಎಳೆಯದಕ್ಕೆ ಬೆರಳು ತೋರಿಸಬಾರದು

"ಅಯ್ಯಯ್ಯೋ, ಬೆರಳು ಮಡಚ್ರೀ!"

ಅಶ್ವಥ್‌ಗೆ ನಾನು ಆಡಿದ ಮೊದಲ ಮಾತೇ ಅದು. ಸೋಮವಾರಪೇಟೆಯ ಹೈಸ್ಕೂಲಿಗೆ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು, ನಮ್ಮ ಏಲಕ್ಕಿ ತೋಟದಲ್ಲಿ ಹರಿಯುವ ತೋಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಆಗಷ್ಟೇ ಮಣ್ಣು ಸೀಳಿ ತಲೆಯೆತ್ತಿದ್ದ ಅಣಬೆಗೆ ನೆಟ್ಟಗೆ ಬೆರಳು ಚಾಚಿದ್ದರು. ಹಾಗೆ ತೋರಿಸಿದರೆ ಎಳೆಯದು ಬೆಳೆಯದೆ ಕೊಳೆತುಹೋಗುತ್ತದೆ. ನಮ್ಮಪ್ಪ ಸೌತೆಮಿಡಿಗೂ ಬೆರಳು ಮಡಚಿಯೇ ತೋರಿಸುವುದು.

"ಸೈನ್ಸಲ್ಲಿ ಹಂಗೇನಿಲ್ವಲ್ಲ."

"ತೋಟ ನಮ್ದು ಸಾರ್."

ನಕ್ಕರು. ನಕ್ಕರೆ ಆ ಮನುಷ್ಯನ ಕಣ್ಣು ಮುಚ್ಚಿಯೇ ಹೋಗುತ್ತದೆ. ಆದರೂ ಬೆರಳು ಮಡಚಿದರು.

ಆಮೇಲೆ ಭಾನುವಾರವೆಂದರೆ ತೋಡು. ನೀರಿನ ಮೇಲೆ ಬಾಗಿದ ಎಲೆಯಲ್ಲಿ ಮರಗಪ್ಪೆಯ ನೊರೆಗೂಡು, ಏಲಕ್ಕಿ ಬುಡದಲ್ಲಿ ನೆಲಕ್ಕೇ ಅಂಟಿದ ಹೂ, ಕೊಳೆತ ದಿಮ್ಮಿಯ ಮೇಲೆ ಕಿವಿಯಂಥ ಅಣಬೆ, ಎಲ್ಲವನ್ನೂ ಮಡಚಿದ ಬೆರಳಲ್ಲೇ ತೋರಿಸಿದರು. ನನ್ನ ಕಾಲಿಗೆ ಹತ್ತಿದ ಜಿಗಣೆಯನ್ನೂ!

"ಅದು ಕೊಳೆತ್ರೆ ಕೊಳೀಲಿ ಬಿಡ್ರೀ!" ಎಂದು ಕಿರುಚಿದೆ. ಸುಣ್ಣ ಹಚ್ಚುತ್ತಾ ಒಮ್ಮೆ ತಲೆಯೆತ್ತಿ ನೋಡಿದರು. ಅಲ್ಲಿಗೆ ನಾನು ಕೆಟ್ಟೆ.

ನೋಟಕ್ಕೇನೂ ಬರವಿರಲಿಲ್ಲ. ಮಾತೆಲ್ಲಿ? ಹೋದ ವಾರ ತಡೆಯಲಾರದೆ ಕೇಳಿಯೇಬಿಟ್ಟೆ, "ನಿಮ್ಮ ಮನಸ್ಸಲ್ಲಿ ಯಾರೂ ಇಲ್ವಾ?"

"ಇದೆ. ಇನ್ನೂ ಎಳೇದು. ತೋರಿಸ್ಬಾರ್ದು ಅಂತ ನೀವೇ ಹೇಳಿದ್ರಲ್ಲ."

ನನ್ನ ಮಾತೇ ನನಗೆ ಉರುಳಾಯಿತು.

ಇವತ್ತು ಹಾಸನದಿಂದ ಗಂಡಿನ ಕಡೆಯವರು ತಾಂಬೂಲ ಬದಲಾಯಿಸಲು ಬರುತ್ತಾರೆ. "ಯಾರಾದ್ರೂ ಇದ್ರೆ ಈಗ್ಲೇ ಹೇಳವ್ವಾ," ಎಂದು ಅಪ್ಪ ಕೇಳಿದ್ದರು. ಬಾಯಿಬಿಡದವನ ಹೆಸರನ್ನು ಹೇಗೆ ಹೇಳಲಿ? ಕೆಸುವಿನೆಲೆ ತರುತ್ತೇನೆಂದು ಸುಳ್ಳು ಹೇಳಿ, ರೇಷ್ಮೆ ಸೀರೆಯಲ್ಲೇ ತೋಡಿಗೆ ಓಡಿದೆ.

ಅಶ್ವಥ್ ಮರಗಪ್ಪೆಯ ಗೂಡಿನ ಮುಂದೆ ಕೂತಿದ್ದರು. ನನ್ನ ಸೀರೆ ನೋಡಿ ಎದ್ದು ನಿಂತರು. ಮುಖ ಬಿಳಿಚಿಕೊಂಡಿತು.

"ಇವತ್ತೇನಾ?"

"ಇವತ್ತೇ. ಇನ್ನೊಂದು ಗಳಿಗೆ. ಈಗ್ಲಾದ್ರೂ ಬಾಯಿಬಿಡಿ ಮಾರಾಯ್ರೇ, ನಿಮ್ಮ ಕಾಲಿಗೆ ಬೀಳ್ತೀನಿ!"

"ನಾನು ಹೇಳಿ, ನಿಮ್ಮಪ್ಪ ಬೇಡ ಅಂದ್ರೆ ಈ ಭಾನುವಾರಾನೂ ಇರಲ್ಲ ತುಳಸಿ."

"ಹೇಳ್ದೆ ಇದ್ರೆ ಇರುತ್ತಾ?"

ಅವರ ಕೈ ನನ್ನ ಕಡೆಗೆ ಏರಿತು. ಬೆರಳು ಮಡಚಿಯೇ ಇತ್ತು. ನನಗೆ ಎದೆಯೊಡೆದು ಅಳು ಬಂತು. "ನಾನೇನು ಅಣಬೆಯೇನ್ರೀ? ನಾಳೆ ನಾನೇ ಇರಲ್ಲ ಇಲ್ಲಿ!"

ದಿಬ್ಬದ ಮೇಲೆ ಗಂಡಿನವರ ಜೀಪಿನ ಹಾರನ್ ಕೇಳಿಸಿತು. ಅದರ ಹಿಂದೆಯೇ ಜರಿಗಿಡ ಸರಿಸಿಕೊಂಡು ಅಪ್ಪ ಇಳಿದು ಬಂದರು. ಕೆಸರು ಮೆತ್ತಿದ ನನ್ನ ಸೆರಗು ನೋಡಿದರು, ಅತ್ತು ಕೆಂಪಾದ ಕಣ್ಣು ನೋಡಿದರು.

"ಏನಿದು ಮೇಷ್ಟ್ರೇ?"

ಅಶ್ವಥ್ ಕೈ ಇಳಿಸಲಿಲ್ಲ. ಮಡಚಿದ ಬೆರಳು ಮೆಲ್ಲಗೆ ಬಿಚ್ಚಿಕೊಂಡಿತು. ನೆಟ್ಟಗೆ, ನನ್ನ ಕಡೆಗೆ.

"ಕಲ್ಲೇಶಪ್ಪನೋರೇ, ನನಗೆ ಇವರು ಬೇಕು. ಇವರಿಲ್ದೆ ನನ್ನ ಕೈಲಾಗಲ್ಲ."

ಅಪ್ಪ ನನ್ನತ್ತ ತಿರುಗಿದರು. ಅಳುತ್ತಲೇ ತಲೆಯಾಡಿಸಿದೆ. ಇನ್ನೇನು ಬೈಗುಳ ಬಂತು ಎಂದು ಕಣ್ಣು ಮುಚ್ಚಿಕೊಂಡೆ.

"ಬೆರಳು ಮಡಚಯ್ಯಾ," ಎಂದರು ಅಪ್ಪ. "ಎಳೇದು. ಕೊಳೆತುಹೋದೀತು."

ಆಮೇಲೆ, ಹಾಸನದಿಂದ ಬಂದವರಿಗೆ ಕೈಮುಗಿದು ಕ್ಷಮೆ ಕೇಳಲು ಒಬ್ಬರೇ ದಿಬ್ಬ ಹತ್ತಿದರು.