ಹಣ್ಣು ಬೀಳುವ ತನಕ

ಉಪ್ಪಾಗೆ ಮರದ ಕೆಳಗೆ ಅವನೊಬ್ಬನೇ ಕೂತಿದ್ದ. ಮಳೆಗೆ ನೆಂದ ಕಾಲುದಾರಿಯಲ್ಲಿ ಅಭಿಜ್ಞಾಳ ಕಾಲು ಅಲ್ಲೇ ನಿಂತಿತು...

ಹಿಂತಿರುಗಿಬಿಡಲೇ?

ಅಷ್ಟರಲ್ಲಿ ಸಂದೇಶ ತಲೆಯೆತ್ತಿದ್ದ.

"ಜಾರ್ತು, ಹುಷಾರು," ಎಂದ. ಬೇಸಿಗೆಯಿಂದೀಚೆ ಅವನಾಡಿದ ಮೊದಲ ಮಾತು.

ಮತ್ತಿಘಟ್ಟದ ಯುವಕರ ಸಂಘ ಕಟ್ಟಿದವಳು ಅವಳೇ. ಕಾಡಿನ ಉಪ್ಪಾಗೆಯ ಒಣಸಿಪ್ಪೆಗೆ ಒಳ್ಳೆಯ ಬೆಲೆ; ಬೇರೆಯವರು ಕೊಯ್ದಾರೆಂಬ ಭಯಕ್ಕೆ ಎಲ್ಲರೂ ಕಾಯಿರುವಾಗಲೇ ಕೊಂಬೆ ಕಡಿಯುತ್ತಿದ್ದರು. ಹಣ್ಣು ಬೀಳುವ ತನಕ ಕಾಯೋಣ, ಮಂಗಗಳಿಗೂ ಒಂದಿಷ್ಟು ಬಿಡೋಣ ಎಂದು ಅವಳು ಎಲ್ಲರನ್ನೂ ಒಪ್ಪಿಸಿದ್ದಳು. ಜರ್ಮನಿಯ ಸಂಸ್ಥೆಯೊಂದು ಮೆಚ್ಚಿ, ಹಣ್ಣು ಒಣಗಿಸಲು ಕಡಿಮೆ ಕಟ್ಟಿಗೆ ಸಾಕಾಗುವ ಒಲೆ ಕೊಟ್ಟಿತ್ತು. ಅಲ್ಲಿನ ಯುವ ಸಮ್ಮೇಳನದಲ್ಲಿ ಮಾತಾಡಲು ಅವಳನ್ನು ಕರೆದಿತ್ತು.

ಆದರೆ ಆ ಸಂಸ್ಥೆಯ ಅತಿಥಿಗಳು ಒಲೆ ನೋಡಲು ಬಂದದ್ದು ಮೇ ತಿಂಗಳಲ್ಲಿ. ಮರದ ತುಂಬ ಹಸಿರು ಕಾಯಿ. ಖಾಲಿ ಒಲೆ ತೋರಿಸುವುದು ಹೇಗೆ? ಒಂದೇ ಬುಟ್ಟಿ ಎಂದು ಅವಳೇ ಕೊಯ್ಯಿಸಿದಳು.

ಇವು ತಾವಾಗಿ ಬಿದ್ದವೇ ಎಂದು ಅತಿಥಿಗಳು ಕೇಳಿದಾಗ, ಅಲ್ಲ, ನಿಮಗೆ ತೋರಿಸಲೆಂದೇ ಕೊಯ್ದದ್ದು ಎಂದವನು ಸಂದೇಶ. ಅವಳು ಮದುವೆಯಾಗಬೇಕೆಂದುಕೊಂಡಿದ್ದ ಸಂದೇಶ!

ನೆರವು ನಿಂತಿತು. ಪ್ರಯಾಣ ತಪ್ಪಿತು. ಸಂಘ ಚದುರಿತು. ತಾನು ದೂರ ಹೋಗುವುದನ್ನು ತಡೆಯಲೆಂದೇ ಅವನು ಬಾಯಿಬಿಟ್ಟ ಎಂದು ಅವಳು ನಂಬಿದಳು.

ಈಗ ಸುತ್ತಲಿನ ಮರಗಳೆಲ್ಲ ಕೊಂಬೆ ಕಳೆದುಕೊಂಡು ನಿಂತಿದ್ದವು. ಇದೊಂದು ಮಾತ್ರ ಇಡಿಯಾಗಿತ್ತು. ಅವನ ಬುಟ್ಟಿಯಲ್ಲಿ ಉದುರಿದ ಹಳದಿ ಹಣ್ಣು. ಬುಡದಲ್ಲಿ ಒಂದಿಷ್ಟನ್ನು ಹಾಗೇ ಬಿಟ್ಟಿದ್ದ.

"ಈಗ ಯಾರು ನೋಡ್ತ ಹೇಳಿ ಕಾಯ್ತಾ ಇದ್ದೆ?" ಎಂದಳು ಅವಳು.

"ಯಾರೂ ಇಲ್ಲೆ. ಇದೊಂದು ಮರ ಉಳ್ಸಲಾತು, ಅಷ್ಟೇ."

ಅವಳು ಬುಟ್ಟಿಯ ಹತ್ತಿರ ಬಂದು ನಿಂತಳು.

"ಆನು ಜರ್ಮನಿಗೆ ಹೋಪದು ನಿಂಗೆ ಬೇಡಾಗಿತ್ತು. ಅಲ್ದ?"

ಮೇಲಿಂದ ಹಣ್ಣೊಂದು ಬಿತ್ತು. ಇಬ್ಬರೂ ಅದನ್ನೇ ನೋಡಿದರು.

"ಬೇಡಾಗಿತ್ತು," ಎಂದ. "ಆದ್ರೆ ಹೇಳಿದ್ದು ಅದಕ್ಕಲ್ಲ. ಅವತ್ತು ಆ ಬುಟ್ಟಿ ಬದಿಗೆ ನೀ ಒಂದ್ಸಲನೂ ತಿರುಗಿ ನೋಡಲಿಲ್ಲೆ, ಅಭಿ. ಅಲ್ಲಿ ಹೋಗಿ ನಿಂತ್ಕಂಡು ಎಂತ ಮಾತಾಡ್ತಿದ್ದೆ?"

ನಿಜ... ನಾಚಿಕೆಗೆ ನೋಡಿರಲಿಲ್ಲ. ಅದನ್ನು ಇವನೊಬ್ಬ ಕಂಡಿದ್ದ.

ಅವಳು ಕುಳಿತು, ಆಗಷ್ಟೇ ಬಿದ್ದ ಹಣ್ಣನ್ನು ಎತ್ತಿ ಅವನ ಬುಟ್ಟಿಗೆ ಹಾಕಿದಳು. ಕಣ್ಣೊರೆಸಿಕೊಳ್ಳಲಿಲ್ಲ.

"ಒಂದು ಬದಿ ಹಿಡ್ಕ," ಎಂದ ಸಂದೇಶ. "ಒಬ್ಬಂಗೇ ಹೊರಲೆ ಆಗ್ತಿಲ್ಲೆ."

ಬುಟ್ಟಿ ಅರ್ಧವೂ ತುಂಬಿರಲಿಲ್ಲ.

"ಭಾರ ಇದ್ದು," ಎಂದು ಅವಳು ಹಿಡಿದುಕೊಂಡಳು.