ಮುಟ್ಟಿದ ಕೈ

"ಆ ಹುಡುಗಿ ಬಿದ್ರೆ ಬೀಳ್ಲಿ ಬಿಡು ತಾಯಿ. ನೀನು ಮಾತ್ರ ಮುಟ್ಟಬೇಡ."

ಬಾವಿಯ ಹತ್ತಿರ ಮರದ ಬಕೀಟು ಇಳಿಸುತ್ತ ಮುದುಕಿ ಟ್ಯಾಬಿಥಾ ಇಷ್ಟನ್ನು ಪಿಸುಗುಟ್ಟಿದಳು. ಹುಲ್ಡಾ ನಕ್ಕುಬಿಟ್ಟಳು.

"ಯಾಕಜ್ಜಿ, ಮುಟ್ಟಿದ್ರೆ ನಂಗೂ ಕಜ್ಜಿ ಹತ್ತುತ್ತಾ?"

ಮುದುಕಿ ನಗಲಿಲ್ಲ. ಸುತ್ತ ನೋಡಿ ತಗ್ಗಿದ ದನಿಯಲ್ಲಿ ವಿವರಿಸಿದಳು. ಮಾಟಗಾತಿಯ ಕಣ್ಣಿಂದ ಹೊರಟ ವಿಷ ಹುಡುಗಿಯ ಮೈ ಸೇರಿರುತ್ತದೆ. ಅದೇ ಮಾಟಗಾತಿ ಮುಟ್ಟಿದರೆ ವಿಷ ಅವಳಿಗೇ ಮರಳಿ ಹುಡುಗಿ ಸುಮ್ಮನಾಗುತ್ತಾಳೆ. ಹಾಗಾಗಿ ಯಾರ ಕೈ ತಗುಲಿ ಹುಡುಗಿಯ ನರಳಾಟ ನಿಲ್ಲುತ್ತದೋ ಅವರೇ ಮಾಟಗಾತಿ. ನ್ಯಾಯಾಧಿಕಾರಿಗಳೂ ಇದನ್ನು ಸಾಕ್ಷಿಯೆಂದು ಒಪ್ಪಿದ್ದರು. ನಾಲ್ವರು ಹೆಂಗಸರು ಜೈಲು ಸೇರಿದ್ದು ಹೀಗೆಯೇ.

"ಹಾಗಾದ್ರೆ ಅಳೋ ಮಗೂನ ಎತ್ಕೊಂಡೋರೆಲ್ಲ ಮಾಟಗಾತೀರೇ ಬಿಡಿ," ಎಂದಳು ಹುಲ್ಡಾ.

"ನಗು ಬೇಡ. ನಾನು ಹೇಳ್ದೆ ಅಂತಾನೂ ಯಾರ ಹತ್ರಾನೂ ಆಡ್ಬೇಡ," ಎಂದು ಮುದುಕಿ ಬಕೀಟು ಎತ್ತಿಕೊಂಡು ಹೊರಟುಹೋದಳು.

ಹುಲ್ಡಾ ಆಲ್ಡರ್‌ಬ್ರೂಕ್ ಎಂಬ ಈ ಹಳ್ಳಿಗೆ ಮನೆಗೆಲಸಕ್ಕೆಂದು ಬಂದು ಎರಡು ವಾರವಾಗಿತ್ತು. ಬಂದರಿನ ಹುಡುಗಿ, ಹಡಗಿನ ಹಾಯಿ ಹೊಲಿಯುವವನ ಮಗಳು. ಮೂರ್ಛೆ ಬಂದು ಬಿದ್ದ ನಾವಿಕರ ತಲೆಯ ಕೆಳಗೆ ಬಟ್ಟೆ ಇಟ್ಟು ಅಭ್ಯಾಸವಿತ್ತು. ಇಲ್ಲಿ ಹೊಲ ಮುಗಿದಲ್ಲಿಂದಲೇ ಕಾಡು. ಕಾಡಿನಾಚೆ ಯುದ್ಧ. ಒಂದು ಹುಲ್ಲುಗಾವಲಿನ ಗಡಿಗಾಗಿ ಹತ್ತು ವರ್ಷ ಕಿತ್ತಾಡಿದವರು ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸುತ್ತಿದ್ದರು. ಯಾರದಾದರೂ ಹಸು ಸತ್ತರೆ, ಹಿಂದಿನ ದಿನ ತಮ್ಮೊಡನೆ ಜಗಳವಾಡಿದವರು ಯಾರೆಂದು ಮೊದಲು ನೆನಪಿಸಿಕೊಳ್ಳುತ್ತಿದ್ದರು.

ನರಳುವ ಆ ಹುಡುಗಿ ಹುಲ್ಡಾ ಕೆಲಸಕ್ಕಿದ್ದ ಮನೆಯಲ್ಲೇ ಇದ್ದಳು. ಹೆಸರು ಕೆಜಾಯ, ವಯಸ್ಸು ಹನ್ನೆರಡು. ಉತ್ತರದ ಯುದ್ಧದಲ್ಲಿ ಅವಳ ಅಪ್ಪ ಅಮ್ಮ ಕಣ್ಣೆದುರೇ ಸತ್ತಿದ್ದರು. ಸೋದರತ್ತೆ ಪ್ರೂಡೆನ್ಸ್ ಅವಳನ್ನು ಕರೆತಂದು ಉಣ್ಣೆ ಹಿಂಜಲು ಕೂರಿಸಿದ್ದಳು. ಕಂಡದ್ದನ್ನು ಹೇಳಲು ಹೋದಾಗಲೆಲ್ಲ ಬಾಯಿ ಮುಚ್ಚು ಎಂದಿದ್ದಳು. ಒಂದು ವರ್ಷ ಹುಡುಗಿ ಹೂಂ, ಉಹೂಂ ಬಿಟ್ಟು ಬೇರೆ ಆಡಲಿಲ್ಲ. ಮೊದಲ ಸಲ ನೆಲಕ್ಕೆ ಬಿದ್ದು ಒದ್ದಾಡಿದ ದಿನ ಸ್ವತಃ ಪಾದ್ರಿಯೇ ಬಂದು ಹಾಸಿಗೆಯ ಅಂಚಿನಲ್ಲಿ ಕೂತು, ನಿನಗೆ ನೋವು ಕೊಡುತ್ತಿರುವವರು ಯಾರು ಮಗಳೇ ಎಂದು ಕೇಳಿದರಂತೆ. ಅವಳಿಗೆ ನೋವಿದೆಯೇ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ಗುರುವಾರದ ಪ್ರವಚನಕ್ಕೆ ಊರೆಲ್ಲ ಪ್ರಾರ್ಥನಾ ಮಂದಿರದಲ್ಲಿ ಸೇರಿತ್ತು. ಹಿಮ ಕರಗುವ ಕಾಲ. ಕಿಟಕಿಗಳು ಮುಚ್ಚಿದ್ದವು. ಒದ್ದೆ ಉಣ್ಣೆಯ ವಾಸನೆ, ಕೊಬ್ಬಿನ ಮೇಣದಬತ್ತಿಯ ವಾಸನೆ, ಬೆಂಚಿನಡಿ ಮಲಗಿದ್ದ ನಾಯಿಗಳ ವಾಸನೆ. ಪಾದ್ರಿಯ ಮಾತು ಮೂರನೆಯ ಗಂಟೆಗೆ ಕಾಲಿಟ್ಟಿತ್ತು. ಆಗ ಕೆಜಾಯ ಚೀರಿ ಬೆಂಚಿನಿಂದ ಉರುಳಿದಳು.

ಹೆಂಗಸರು ಲಂಗ ಎಳೆದುಕೊಂಡು ದೂರ ಸರಿದರು. ಹುಡುಗಿಯ ಕಾಲು ತಗುಲಿ, ಪಾದ ಬೆಚ್ಚಗಿಡಲು ತಂದಿದ್ದ ಕೆಂಡದ ಪೆಟ್ಟಿಗೆ ಮಗುಚಿತು. ಕೆಂಡ ಚೆಲ್ಲಿತು. ಅವಳ ತಲೆ ಅದರತ್ತಲೇ ಹೊರಳುತ್ತಿತ್ತು. ಯಾರೂ ಅಲುಗಲಿಲ್ಲ. ಸುಟ್ಟ ಕೂದಲಿನ ವಾಸನೆ ಎದ್ದಿತು.

ಹುಲ್ಡಾ ಯೋಚಿಸಲಿಲ್ಲ. ಓಡಿಹೋಗಿ ಆ ತಲೆಯನ್ನು ಮಡಿಲಿಗೆಳೆದುಕೊಂಡು ಹಣೆಯನ್ನು ಒತ್ತಿ ಹಿಡಿದಳು.

ಹುಡುಗಿ ಸುಮ್ಮನಾದಳು.

ಒಂದು ನಾಯಿ ಮೈ ಕೆರೆದುಕೊಂಡ ಸದ್ದು. ಹುಲ್ಡಾ ತಲೆಯೆತ್ತಿದಳು. ಎಲ್ಲರೂ ಅವಳ ಕೈಗಳನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅದೇ ಮಂದಿರದಲ್ಲಿ ವಿಚಾರಣೆ. ಹುಲ್ಡಾಳ ಆತ್ಮ ಮೈಬಿಟ್ಟು ಹೋಗಿ ಕೆಜಾಯಳನ್ನೂ ಅವಳಂತೆಯೇ ನರಳುವ ಇನ್ನು ಮೂವರು ಹುಡುಗಿಯರನ್ನೂ ಚಿವುಟಬಾರದೆಂದು ಇಬ್ಬರು ಗಂಡಸರು ಅವಳ ಕೈಗಳನ್ನು ಅಗಲಿಸಿ ಹಿಡಿದಿದ್ದರು. ನೀನು ಮಾಟಗಾತಿಯೇ ಎಂದು ನ್ಯಾಯಾಧಿಕಾರಿ ಕೇಳಲೇ ಇಲ್ಲ. ಯಾವಾಗಿನಿಂದ ಎಂದು ಕೇಳಿದರು. ಹುಲ್ಡಾ ತುಟಿ ಕಚ್ಚಿದಳು. ಎದುರಿನ ಬೆಂಚಿನ ಆ ನಾಲ್ವರು ಹುಡುಗಿಯರೂ ರಕ್ತ ಬರುವಂತೆ ತುಟಿ ಕಚ್ಚಿಕೊಂಡರು. ಅವಳ ತಲೆ ವಾಲಿತು. ನಾಲ್ಕು ತಲೆಗಳು ವಾಲಿದವು. ನಗಬೇಕೆಂದರೂ ಅವಳಿಗೆ ನಗು ಬರಲಿಲ್ಲ.

ತನ್ನ ಬಳಿ ಒಂದು ಗಟ್ಟಿ ಪುರಾವೆಯಿದೆ ಎಂದುಕೊಂಡಳು.

"ಸ್ವಾಮಿ, ಮುಟ್ಟಿದ್ರೆ ಏನಾಗುತ್ತೆ ಅಂತ ನಂಗೆ ಮೊದ್ಲೇ ಗೊತ್ತಿತ್ತು. ಮುಟ್ಟಬೇಡ ಅಂತ ಹೇಳಿದ್ರು. ಆದ್ರೂ ಹಿಡ್ಕೊಂಡೆ. ಮಾಟಗಾತಿ ಆಗಿದ್ರೆ ಹಾಗೆ ಮಾಡ್ತಿದ್ನಾ?"

ಗುಮಾಸ್ತನ ಲೇಖನಿ ನಿಂತಿತು.

"ಮುಟ್ಟಬೇಡ ಅಂದೋರು ಯಾರು?" ಎಂದರು ನ್ಯಾಯಾಧಿಕಾರಿ.

ಯಾರ ಹತ್ತಿರವೂ ಆಡಬೇಡವೆಂದು ಮುದುಕಿ ಹೇಳಿದ್ದು ಹುಲ್ಡಾಗೆ ಆಗ ನೆನಪಾಯಿತು. ಬಾಯಿ ಮುಚ್ಚಿದಳು. ನ್ಯಾಯಾಧಿಕಾರಿಗೆ ಅವಸರವಿರಲಿಲ್ಲ. ಮಾಟಗಾತಿ ಸಿಕ್ಕಿಬೀಳಬಾರದೆಂದು ಬಯಸುವವರು ಮಾತ್ರ ಹಾಗೆ ಹೇಳುತ್ತಾರೆ ಎಂದರು. ಅಲ್ಲಗಳೆದ ಮೂವರನ್ನು ಮಂಗಳವಾರ ನೇಣಿಗೆ ಹಾಕುವುದಾಗಿಯೂ, ತಪ್ಪೊಪ್ಪಿ ಜೊತೆಗಾತಿಯ ಹೆಸರು ಹೇಳಿದ ಮತ್ತೊಬ್ಬಳು ಜೈಲಿನ ಒಲೆಯ ಮುಂದೆ ಕೂತು ಗಂಜಿ ಕುಡಿಯುತ್ತಿರುವುದಾಗಿಯೂ ತಿಳಿಸಿದರು.

ಹುಲ್ಡಾಗೆ ಹತ್ತೊಂಬತ್ತು ವರ್ಷ. ಸಾಯಲು ಮನಸ್ಸಿರಲಿಲ್ಲ.

"ಟ್ಯಾಬಿಥಾ ಅಜ್ಜಿ," ಎಂದಿತು ಅವಳ ನಾಲಿಗೆ.

ತಕ್ಷಣ ಕೆಜಾಯ ಮೇಲಕ್ಕೆ ಕೈ ತೋರಿಸಿದಳು. ಮುದುಕಿ ಅಗೋ ತೊಲೆಯ ಮೇಲೆ ಕೂತಿದ್ದಾಳೆ ಎಂದು ಚೀರಿದಳು. ಎಲ್ಲರೊಂದಿಗೆ ಹುಲ್ಡಾಳೂ ತಲೆಯೆತ್ತಿದಳು. ಬರೀ ತೊಲೆ. ಆದರೆ ಅದರ ನೆರಳಿನಲ್ಲಿ ಬೂದು ಬಣ್ಣದ ಲಂಗದ ಅಂಚೊಂದು ಸರಿದದ್ದು ಅವಳಿಗೂ ಕಂಡಿತು.

ಮಧ್ಯಾಹ್ನ ಟ್ಯಾಬಿಥಾಳನ್ನು ಎಳೆತಂದರು. ಅಷ್ಟರಲ್ಲಿ, ಇವಳೂ ಮುದುಕಿಯ ಮಾಟಕ್ಕೆ ಸಿಕ್ಕವಳೆಂದು ಹುಲ್ಡಾಳನ್ನು ಹುಡುಗಿಯರ ಬೆಂಚಿಗೆ ಸೇರಿಸಿದ್ದರು. ಯಾರೋ ಶಾಲು ಹೊದಿಸಿದ್ದರು. ಕೆಜಾಯ ಅವಳ ಬೆರಳು ಹಿಡಿದು, "ಇನ್ಮೇಲೆ ನಮ್ ಜೊತೇಲೇ ಇರು ಅಕ್ಕ. ಎಲ್ರೂ ಮಾತಾಡಿಸ್ತಾರೆ," ಎಂದಳು.

ಮುದುಕಿ ಬೈಯಲಿಲ್ಲ, ಶಪಿಸಲಿಲ್ಲ. ಹುಲ್ಡಾಳನ್ನು ನೋಡಿದಳು, ಅಷ್ಟೇ.

ಹುಲ್ಡಾಳ ಎದೆ ಬಿಗಿಯಿತು. ಉಸಿರು ಒಳಗೆ ಹೋಗಲಿಲ್ಲ. ಬೆರಳುಗಳು ಸೆಟೆದವು. ನೆಲ ಮುಖಕ್ಕೆ ಬಡಿಯಿತು. ಯಾವುದೋ ಪ್ರಾಣಿ ಅರಚುತ್ತಿತ್ತು. ಅದು ಅವಳದೇ ಗಂಟಲು. ನಾನಾಗಿ ಮಾಡುತ್ತಿಲ್ಲ ಎನ್ನಲು ಹೋದಳು. ಮಾತು ಹೊರಡಲಿಲ್ಲ.

"ಮುದುಕಿ ಕೈಲಿ ಮುಟ್ಸಿ," ಎಂದರು ನ್ಯಾಯಾಧಿಕಾರಿ.

ಟ್ಯಾಬಿಥಾ ಮುಷ್ಟಿ ಬಿಗಿದಳು. ಇಬ್ಬರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬೇಡ. ಹುಲ್ಡಾ ಹಲ್ಲು ಕಚ್ಚಿದಳು. ಬೇಡ. ಈ ನೋವು ನಿಲ್ಲಬಾರದು. ನಿಲ್ಲಬಾರದು. ನಿಂತರೆ ಅಜ್ಜಿ ಸಾಯುತ್ತಾಳೆ. ಇನ್ನಷ್ಟು ಒದ್ದಾಡಬೇಕು. ಒದ್ದಾಡು.

ಅಂಗೈ ಹಣೆಯ ಮೇಲೆ ಬಂತು. ಒರಟಾಗಿತ್ತು. ಬೆಚ್ಚಗಿತ್ತು. ಈ ಊರಿಗೆ ಬಂದಮೇಲೆ ಅವಳ ಹಣೆ ಮುಟ್ಟಿದ ಮೊದಲ ಕೈ.

"ಸಾಕು ಮಗ," ಎಂದಳು ಮುದುಕಿ ಮೆಲ್ಲಗೆ. "ಉಸಿರಾಡು."

ಹುಲ್ಡಾ ತಡೆದಳು. ಆಗಲಿಲ್ಲ. ಉಸಿರು ಬಂತು. ಬೆರಳುಗಳು ಸಡಿಲಾದವು. ಇಡೀ ಮೈ ಶಾಂತವಾಯಿತು.

ಎಲ್ಲರೂ ಮುದುಕಿಯ ಕೈಯನ್ನೇ ನೋಡುತ್ತಿದ್ದರು. ಗುಮಾಸ್ತನ ಲೇಖನಿ ಕಾಗದದ ಮೇಲೆ ಕೆರೆಯುತ್ತ ಓಡತೊಡಗಿತು.